ಏರ್ ರೈಫಲ್ಲಿಗೆ ನಾನು ಬಿಟ್ಟ ಎಣ್ಣೆ

ಕೋಚ್ ಸಾರ್ ಮೂರು ರೈಫಲ್ಲುಗಳನ್ನು ಗೋಣಿತಾಟಿನಲ್ಲಿ ಸುತ್ತಿಕೊಂಡು ನಮ್ಮ ಆಯಿಲ್ ಸ್ಟೋರಿಗೆ ತಂದದ್ದು ಒಂದು ಶನಿವಾರ, ಎರಡನೇ ಶಿಫ್ಟಿನವರು ಒಳಗೆ ಬರುವ ಹೊತ್ತಿನಲ್ಲಿ. ಅವರು ನಮ್ಮ ಫ್ಯಾಕ್ಟರಿಯ ಸೆಕ್ಯೂರಿಟಿ ಅಧಿಕಾರಿ. ಸೈನ್ಯದಲ್ಲಿ ಇದ್ದು ಬಂದವರು. ಹೊಸೂರಿನ ಮೂಕಂಡಪಲ್ಲಿ ಕಡೆಯ ನಮ್ಮ ಹಳೆಯ ಪ್ಯಾಕಿಂಗ್ ಶೆಡ್ಡಿನಲ್ಲಿ ಹತ್ತು ಮೀಟರ್ ಅಳೆದು, ಕೊನೆಗೆ ಮರಳಿನ ಚೀಲ ಪೇರಿಸಿ, ಕೆಲಸಗಾರರ ಶೂಟಿಂಗ್ ತಂಡ ಕಟ್ಟಿದ್ದವರೂ ಅವರೇ. ರೈಫಲ್ಲುಗಳು ನಳಿಕೆ ಮಡಿಸಿ ಗುಂಡು ತುಂಬುವ ಸ್ಪ್ರಿಂಗಿನವು. ವರ್ಷಗಟ್ಟಲೆ ಬೀರುವಿನಲ್ಲಿ ಬಿದ್ದಿದ್ದು, ಈಚೆಗಷ್ಟೇ ತಂಡದ ಕೈಗೆ ಬಂದಿದ್ದವು.

"ಮಡಿಸೋವಾಗ ಕಿರ್ರ್ ಅಂತದಪ್ಪಾ. ಕೊಂಜಂ, ಒಂಚೂರು ಎಣ್ಣೆ ಬಿಟ್ಟು ಕೊಡು," ಎಂದರು.

ಎಣ್ಣೆ ಬಿಡುವುದೇ ನನ್ನ ಕೆಲಸ. ಯಾವ ಮೆಷಿನಿನ ಯಾವ ಬೇರಿಂಗಿಗೆ ಯಾವ ಗ್ರೀಸು, ಎಷ್ಟು ದಿನಕ್ಕೊಮ್ಮೆ, ಗ್ರೀಸ್ ಗನ್ನಿನಲ್ಲಿ ಎಷ್ಟು ಸಲ ಒತ್ತಬೇಕು ಎಂಬುದು ನನಗೆ ಬಾಯಿಪಾಠ. ಹಾಗಾಗಿ ನಾನು ಯಾರನ್ನೂ ಕೇಳಲಿಲ್ಲ. ನಳಿಕೆಯನ್ನು ಮಡಿಸಿದಾಗ ಅದರ ಹಿಂದೆ ಕಾಣುವ ಸಣ್ಣ ತೂತಿಗೆ, ಗ್ರೈಂಡಿಂಗ್ ಮೆಷಿನಿಗೆ ಬಳಸುವ ತೆಳು ಸ್ಪಿಂಡಲ್ ಎಣ್ಣೆಯನ್ನು ಐದಾರು ಹನಿ ಬಿಟ್ಟೆ. ಕೆಳಗಿನ ಸೀಳಿನಲ್ಲಿ ಸ್ಪ್ರಿಂಗು ಕಾಣುತ್ತಿತ್ತು. ಅದಕ್ಕೆ ತುಕ್ಕು ಬಿಡಿಸುವ ಸ್ಪ್ರೇಯನ್ನು ತೊಟ್ಟಿಕ್ಕುವ ತನಕ ಹೊಡೆದೆ. ಮೂರೂ ರೈಫಲ್ಲಿಗೆ ಸೇರಿ ಹತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಮಡಿಸಿ ನೋಡಿದರೆ ಬೆಣ್ಣೆಯ ಹಾಗೆ ಮಡಿಚಿಕೊಂಡಿತು. ಕೋಚ್ ಸಾರ್ ನನ್ನ ಬೆನ್ನು ತಟ್ಟಿದರು.

ಸೋಮವಾರ ಶೆಡ್ಡಿನಲ್ಲಿ ಮೊದಲ ಗುಂಡು ಹಾರಿದಾಗ ನಾನೂ ಇದ್ದೆ. ಮೊದಲು ಟಪ್ ಎನ್ನುತ್ತಿದ್ದ ರೈಫಲ್ಲು ಈಗ ಪಟಾಕಿಯ ಹಾಗೆ ಢಬ್ ಎಂದಿತು. ನಳಿಕೆಯ ತುದಿಯಿಂದ ಒಂದೆಳೆ ಹೊಗೆ ಎದ್ದಿತು. ಅಲ್ಲಿದ್ದವರು ಪವರ್ ಜಾಸ್ತಿಯಾಗಿದೆ ಎಂದು ಖುಷಿಪಟ್ಟರು. ನಾನೂ ಖುಷಿಪಟ್ಟೆ. ಆ ಹೊಗೆ ಯಾಕೆ ಬಂತು ಎಂದು ಒಂದು ಕ್ಷಣ ನಿಂತು ಯೋಚಿಸಿದ್ದರೆ ಮುಂದಿನ ಒಂದೂವರೆ ತಿಂಗಳು ಬೇರೆಯೇ ರೀತಿ ಇರುತ್ತಿತ್ತು.

ತಂಡದಲ್ಲಿ ನಿಜಕ್ಕೂ ಹೊಡೆಯಬಲ್ಲವಳು ಒಬ್ಬಳೇ. ಮೋಟರಿನ ವೈಂಡಿಂಗ್ ಲೈನಿನ ಹುಡುಗಿ, ಗುಮ್ಮಳಾಪುರದ ಹತ್ತಿರದ ಹಳ್ಳಿಯವಳು. ಇಪ್ಪತ್ಮೂರು ವಯಸ್ಸಿರಬಹುದು. ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯನ್ನು ದಿನವಿಡೀ ಸುತ್ತುವ ಕೈ ಅದು, ಅಲುಗಾಡುತ್ತಲೇ ಇರಲಿಲ್ಲ. ಹಳೆಯ ಸ್ಥಿತಿಯಲ್ಲೇ ಆ ರೈಫಲ್ಲಿನಿಂದ ಐದು ಗುಂಡುಗಳನ್ನು ಒಂದು ರೂಪಾಯಿ ನಾಣ್ಯದೊಳಗೆ ಕೂರಿಸುತ್ತಿದ್ದಳು. ಕೃಷ್ಣಗಿರಿಯಲ್ಲಿ ಜಿಲ್ಲಾ ಆಯ್ಕೆ ನಡೆಯುವುದಿತ್ತು. ಅಲ್ಲಿ ಗೆದ್ದರೆ ಮುಂದಿನ ಹಂತ. ಕಾಂಟ್ರಾಕ್ಟ್ ಕೆಲಸದವಳಾದ್ದರಿಂದ ಲೈನಿನಲ್ಲಿ ಅವಳಿಗೆ ಹೆಸರಿಗಿಂತ ಹೆಚ್ಚಾಗಿ ಟೋಕನ್ ನಂಬರೇ ಬಳಕೆಯಲ್ಲಿತ್ತು. ಶೆಡ್ಡಿನ ಬೋರ್ಡಿನ ಮೇಲೆ ಮಾತ್ರ ಅವಳ ಹೆಸರು ಎಲ್ಲಕ್ಕಿಂತ ಮೇಲೆ ಇರುತ್ತಿತ್ತು.

ಆ ವಾರ ಅವಳ ಗುಂಡುಗಳು ಚೆಲ್ಲಾಡತೊಡಗಿದವು. ಒಂದು ಮೇಲೆ, ಇನ್ನೊಂದು ಎರಡು ಬೆರಳು ಕೆಳಗೆ, ಮತ್ತೊಂದು ಕಾಗದದ ಅಂಚಿನಲ್ಲಿ. ಕೋಚ್ ಸಾರ್ ಅವಳು ಟ್ರಿಗರ್ ಜಗ್ಗುತ್ತಿದ್ದಾಳೆ ಎಂದರು. ಉಸಿರು ಹಿಡಿಯುವುದು ಸರಿಯಿಲ್ಲ ಎಂದರು, ಭುಜ ಬಿಗಿ ಎಂದರು. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿ ಮತ್ತೆ ಹೊಡೆಯುತ್ತಿದ್ದಳು. ಮೂರನೇ ದಿನಕ್ಕೆ ಟ್ರಿಗರ್ ಎಳೆಯುವ ಮೊದಲೇ ಅವಳ ಕಣ್ಣು ಮುಚ್ಚಿಕೊಳ್ಳುವುದನ್ನು ನಾನು ಕಂಡೆ. ಸದ್ದಿಗೆ ಮೈ ಮೊದಲೇ ಹೆದರುತ್ತಿತ್ತು.

ಅವತ್ತು ಎಲ್ಲರೂ ಹೋದ ಮೇಲೆ ಒಂದು ರೈಫಲ್ಲನ್ನು ಮಡಿಸಿ ಮೂಗಿನ ಹತ್ತಿರ ಹಿಡಿದೆ. ಸುಟ್ಟ ಎಣ್ಣೆಯ ವಾಸನೆ. ಅಷ್ಟು ಸಾಕಾಯಿತು, ಇಡೀ ಸಂಗತಿ ತಲೆಯಲ್ಲಿ ಬಿಡಿಸಿಕೊಂಡಿತು.

ಈ ರೈಫಲ್ಲಿನಲ್ಲಿ ಮದ್ದು ಇರುವುದಿಲ್ಲ. ನಳಿಕೆಯನ್ನು ಮಡಿಸಿದರೆ ಒಳಗಿನ ಪಿಸ್ಟನ್ ಹಿಂದಕ್ಕೆ ಸರಿದು, ದಪ್ಪ ಸ್ಪ್ರಿಂಗನ್ನು ಅಮುಕಿಕೊಂಡು, ಟ್ರಿಗರಿನ ಕೊಕ್ಕೆಗೆ ಸಿಕ್ಕಿಕೊಳ್ಳುತ್ತದೆ. ಟ್ರಿಗರ್ ಎಳೆದರೆ ಸ್ಪ್ರಿಂಗು ಪಿಸ್ಟನ್ನನ್ನು ಮುಂದಕ್ಕೆ ಎಸೆಯುತ್ತದೆ. ಅದರ ಮುಂದಿರುವ ಗಾಳಿ ಒಂದೇ ಏಟಿಗೆ ಹಿಂಡಿಕೊಂಡು, ಸಣ್ಣ ತೂತಿನ ಮೂಲಕ ನುಗ್ಗಿ ಗುಂಡನ್ನು ದೂಡುತ್ತದೆ. ಹಾಗೆ ಹಿಂಡಿದ ಗಾಳಿ ಬೆಂಕಿಯಂತೆ ಕಾಯುತ್ತದೆ. ಅಲ್ಲಿ ಎಣ್ಣೆಯಿದ್ದರೆ ಡೀಸೆಲ್ ಎಂಜಿನ್ನಿನಲ್ಲಿ ಆಗುವಂತೆ ಹೊತ್ತಿ ಸಿಡಿಯುತ್ತದೆ. ಒಂದು ಸಲ ಹೆಚ್ಚು, ಒಂದು ಸಲ ಕಡಿಮೆ. ಗುಂಡಿನ ವೇಗ ಒಂದೇ ಸಮ ಇರುವುದು ಎಲ್ಲಿಂದ ಬಂತು? ಜನರೇಟರಿನ ಡೀಸೆಲ್ ಎಂಜಿನ್ನನ್ನು ನೋಡಿಕೊಳ್ಳುವ ನನಗೆ ಇದು ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದದ್ದನ್ನು ಇಲ್ಲಿಗೆ ತಂದು ಜೋಡಿಸಿರಲಿಲ್ಲ, ಅಷ್ಟೆ.

ಮರುದಿನವೇ ಹೇಳಬೇಕಿತ್ತು. ಹೇಳಲಿಲ್ಲ. ಇಡೀ ಪ್ಲಾಂಟಿನಲ್ಲಿ ಎಣ್ಣೆಯ ವಿಷಯ ಬಂದರೆ ನನ್ನ ಮಾತೇ ಕಡೆಯ ಮಾತು. ಅದನ್ನು ಕಳೆದುಕೊಳ್ಳಲು ಮನಸ್ಸು ಒಪ್ಪಲಿಲ್ಲ. ಎಣ್ಣೆ ತಾನಾಗಿ ಉರಿದು ಮುಗಿಯುತ್ತದೆ, ನಾಲ್ಕು ದಿನದಲ್ಲಿ ರೈಫಲ್ಲು ತಾನೇ ಸರಿಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ದಿನಾ ಸಂಜೆ ಶೆಡ್ಡಿಗೆ ಹೋಗಿ ಗೋಡೆಗೆ ಒರಗಿ ನಿಲ್ಲುತ್ತಿದ್ದೆ. ಪ್ರತಿ ಢಬ್‌ಗೂ ಕಾಗದದಲ್ಲಿ ತೂತು ಎಲ್ಲಿ ಬಿತ್ತೆಂದು ನೋಡುತ್ತಿದ್ದೆ. ಶಿಫ್ಟಿನಲ್ಲಿ ಕಾಲು ಒಂದು ಕಡೆ ನಿಲ್ಲುತ್ತಿರಲಿಲ್ಲ. ಒಂದು ಲೇತಿನ ಗೇರ್ ಬಾಕ್ಸಿಗೆ ಹೈಡ್ರಾಲಿಕ್ ಎಣ್ಣೆ ಸುರಿಯಹೋಗಿ, ಡಬ್ಬದ ಬಣ್ಣ ನೋಡಿ ಕೈ ಹಿಂದೆಗೆದೆ. ಊಟದ ತಟ್ಟೆ ಹಿಡಿದು ಕ್ಯಾಂಟೀನಿನಲ್ಲಿ ಎಲ್ಲಿ ಕೂತರೂ ಎದ್ದು ಬೇರೆ ಕಡೆ ಹೋಗಬೇಕೆನಿಸುತ್ತಿತ್ತು.

ಎಂಟನೇ ದಿನ ರೈಫಲ್ಲು ಹಿಂದೆಂದೂ ಕೇಳದ ಸದ್ದು ಮಾಡಿತು. ಹಿಡಿ ಅವಳ ಕೆನ್ನೆಗೆ ಬಡಿಯಿತು. ಗುಂಡು ಗುರಿಹಲಗೆಯನ್ನೇ ಬಿಟ್ಟು ಮರಳಿನ ಚೀಲಕ್ಕೆ ಹೋಯಿತು. ರೈಫಲ್ಲನ್ನು ಮಡಿಸಿದರೆ ಸಡಿಲ, ಒಳಗೆ ಏನೋ ಗಲಗಲ. ಅವಳು ಅದನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟು ಎರಡೂ ಅಂಗೈಗಳನ್ನು ಚೂಡಿದಾರಕ್ಕೆ ಒರೆಸಿಕೊಂಡಳು.

"ನನ್ ಕೈಯೇ ಸರಿಯಿಲ್ಲ, ಬುಡಿ ಸಾರ್," ಎಂದಳು ಕೋಚಿಗೆ.

ನಾನು ಅವಳಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದೆ. ಆಗಲೂ ಬಾಯಿ ತೆರೆಯಲಿಲ್ಲ. ಮರುದಿನದಿಂದ ಅವಳು ಅಭ್ಯಾಸಕ್ಕೆ ಬರುವುದನ್ನು ಬಿಟ್ಟಳು.

ಹೇಳುವ ಬದಲು, ಕೋಚ್ ಸಾರಿನಿಂದ ಶೆಡ್ಡಿನ ಬೀಗದ ಕೈ ಕೇಳಿ ಪಡೆದು, ನಾನು ರಿಪೇರಿಗೆ ಇಳಿದೆ. ಮಾಡಿದ್ದನ್ನು ಯಾರಿಗೂ ತಿಳಿಯದ ಹಾಗೆ ಸರಿಮಾಡಿಬಿಟ್ಟರೆ ಹೇಳುವ ಅಗತ್ಯವೇ ಬೀಳದು ಎಂಬುದು ನನ್ನ ಲೆಕ್ಕ. ಭಾನುವಾರ ಬಡಗಿ ಕೆಲಸದ ಉದ್ದ ಕ್ಲಾಂಪನ್ನು ಬೆಂಚಿಗೆ ಬಿಗಿದು ರೈಫಲ್ಲನ್ನು ಅದರೊಳಗೆ ಮಲಗಿಸಿದೆ. ಈ ಸ್ಪ್ರಿಂಗು ಬಿಚ್ಚುವಾಗಲೂ ಒಳಗೆ ಬಿಗಿಯಾಗಿಯೇ ಕೂತಿರುತ್ತದೆ. ಕ್ಲಾಂಪಿಲ್ಲದೆ ಹಿಂದಿನ ಪಿನ್ನು ತೆಗೆದರೆ ಎದೆಗೆ ಬಂದು ಬಡಿಯುತ್ತದೆ. ಕನ್ನಡಕ ಹಾಕಿಕೊಂಡು, ಪಿನ್ನು ತೆಗೆದು, ಕ್ಲಾಂಪಿನ ತಿರುಪನ್ನು ಕಾಲು ಸುತ್ತಿನಂತೆ ಸಡಿಲಿಸಿದೆ. ಸ್ಪ್ರಿಂಗು ಎರಡು ತುಂಡಾಗಿ ಹೊರಬಂತು. ಪಿಸ್ಟನ್ನಿನ ತುದಿಯಲ್ಲಿ ಬಟ್ಟಲಿನ ಆಕಾರದ ಚರ್ಮದ ವಾಷರ್ ಇರುತ್ತದೆ. ಗಾಳಿ ಸೋರದ ಹಾಗೆ ತಡೆಯುವುದು ಅದೇ. ಅದರ ಅಂಚು ದೋಸೆಯ ಅಂಚಿನ ಹಾಗೆ ಕರಿಕಾಗಿತ್ತು.

ಉಳಿದೆರಡು ರೈಫಲ್ಲುಗಳನ್ನೂ ಬಿಚ್ಚಿದೆ. ಎಣ್ಣೆಯ ಜಿಡ್ಡು ಪೂರ್ತಿ ಹೋಗಲಿ ಎಂದು ಎಲ್ಲವನ್ನೂ, ಚರ್ಮವನ್ನೂ ಸೇರಿಸಿ, ಸೀಮೆಎಣ್ಣೆಯಲ್ಲಿ ತೊಳೆದೆ. ಒಣಗಿದ ಮೇಲೆ ಚರ್ಮ ಒಣಗಿದ ಹಪ್ಪಳದ ಹಾಗೆ ಬಿರುಸಾಯಿತು. ಸಿಲಿಕೋನ್ ಎಣ್ಣೆ ಸುಲಭಕ್ಕೆ ಹೊತ್ತಿಕೊಳ್ಳುವುದಿಲ್ಲ ಎಂದು ಓದಿದ್ದೆ. ಒಂದು ಬಾಟಲಿ ತಂದು ಚರ್ಮಕ್ಕೆ, ಪಿಸ್ಟನ್ನಿಗೆ, ಸ್ಪ್ರಿಂಗಿಗೆ, ಕೊಕ್ಕೆಗೆ, ಎಲ್ಲಕ್ಕೂ ಅದನ್ನೇ ಹಚ್ಚಿದೆ. ಸ್ಪ್ರಿಂಗು ಮುರಿಯದ ಎರಡನ್ನು ಜೋಡಿಸಿ ನಾನೇ ಹೊಡೆದು ನೋಡಿದೆ. ಹೊಗೆ ನಿಂತಿತು, ಸಿಡಿತ ನಿಂತಿತು. ಆ ಒಂದು ಸಂಜೆ ಹೊಟ್ಟೆ ತುಂಬ ಉಂಡೆ. ಆದರೆ ಮೂವತ್ತು ಗುಂಡು ಮುಗಿಯುವಷ್ಟರಲ್ಲಿ ಮಡಿಸುವಾಗ ಕಬ್ಬಿಣ ಕಬ್ಬಿಣವನ್ನು ಕಚ್ಚುವ ಸದ್ದು ಶುರುವಾಯಿತು. ಮತ್ತೆ ಬಿಚ್ಚಿದರೆ ಪಿಸ್ಟನ್ನಿನ ಮೈಮೇಲೆ ಉಗುರಿನಿಂದ ಪರಚಿದಂತೆ ಉದ್ದುದ್ದ ಗೀರು. ಉಕ್ಕಿನ ಮೇಲೆ ಉಕ್ಕು ಭಾರ ಹೊತ್ತು ಜಾರುವ ಕಡೆ ಸಿಲಿಕೋನ್ ನಿಲ್ಲುವುದಿಲ್ಲ, ಅದರ ಪದರ ಹರಿದುಹೋಗುತ್ತದೆ. ಇದು ನನ್ನ ಕಸುಬಿನ ಮೊದಲ ಪಾಠ. ಹೆದರಿಕೆಯಲ್ಲಿ ಅದನ್ನೂ ಮರೆತಿದ್ದೆ.

ಆಯ್ಕೆಗೆ ಇನ್ನು ಮೂರು ವಾರ ಇತ್ತು. ಕೃಷ್ಣಗಿರಿಯಲ್ಲಿ ಸೀಮೆಎಣ್ಣೆ ಸ್ಟವ್ವು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ಮುದುಕರೊಬ್ಬರಿದ್ದಾರೆ, ಬಲೂನು ಹೊಡೆಯುವ ಅಂಗಡಿಯವರ ಗನ್ನುಗಳೆಲ್ಲ ಅವರ ಬಳಿಗೇ ಬರುತ್ತವೆ ಎಂದು ಒಬ್ಬ ಡ್ರೈವರ್ ಹೇಳಿದ. ಬಿಚ್ಚಿದ ಭಾಗಗಳನ್ನು ಟಿಫನ್ ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿದೆ.

ಅವರು ಪಿಸ್ಟನ್ನನ್ನು ಬೆಳಕಿಗೆ ಹಿಡಿದು ತಿರುಗಿಸಿದರು. ಸುಟ್ಟ ಚರ್ಮವನ್ನು ಮೂಸಿದರು. ಅರ್ಧ ತಮಿಳು ಅರ್ಧ ಕನ್ನಡದಲ್ಲಿ ನಿಧಾನವಾಗಿ ಹೇಳಿದ್ದು ಇಷ್ಟು: ಪಿಸ್ಟನ್ನಿನ ಮುಂದೆ ಏನೂ ಇರಬಾರದು, ಸಿಲಿಕೋನ್ ಚರ್ಮಕ್ಕೆ ಮಾತ್ರ, ಅದೂ ನೆನೆಸಿ ಹಿಂಡಿ ಒರೆಸಿದ ಮೇಲೆ, ಕಬ್ಬಿಣ ಕಬ್ಬಿಣಕ್ಕೆ ತಾಕುವ ಕಡೆ ಕರಿ ಪೇಸ್ಟು, ಬೆರಳಿಗೆ ಕಪ್ಪು ಹತ್ತುವಷ್ಟು, ಸ್ಪ್ರಿಂಗಿನ ಅದುರು ತಡೆಯಲು ಅಂಟು ಗ್ರೀಸು ಬೇಕಾದರೆ ಉಂಟು, ಬೇಡದಿದ್ದರೆ ಇಲ್ಲ. ಕರಿ ಪೇಸ್ಟೆಂದರೆ ಮಾಲಿಬ್ಡಿನಮ್ ಪುಡಿ ಕಲಸಿದ ಪೇಸ್ಟು, ಭಾರದ ಕೀಲುಗಳಿಗೆ ನಾನು ವಾರ ವಾರ ಹಚ್ಚುವಂಥದ್ದೇ. ಅದು ನನ್ನ ಸ್ಟೋರಿನ ಕಪಾಟಿನಲ್ಲೇ ಇತ್ತು.

ಆಮೇಲೆ ಹಸಿ ಚರ್ಮವನ್ನು ನೀರಿನಲ್ಲಿ ನೆನೆಸಿ, ಅಚ್ಚಿನಲ್ಲಿ ಒತ್ತಿ, ಮೂರು ಬಟ್ಟಲುಗಳನ್ನು ಮಾಡಿ ನೆರಳಿನಲ್ಲಿಟ್ಟರು. ಬಲೂನಿನ ಗನ್ನುಗಳಿಗೆಂದು ಇಟ್ಟುಕೊಂಡಿದ್ದ ಸ್ಪ್ರಿಂಗುಗಳಲ್ಲಿ ಹೊಂದುವಂಥದ್ದು ಹುಡುಕುತ್ತ, ನನ್ನ ಮುಖ ನೋಡದೆಯೇ ಕೇಳಿದರು:

"ತಂಬಿ, ಇದಕ್ಕೆ ಮುಂದುಗಡೆ ಎಣ್ಣೆ ಬಿಟ್ಟವನು ಯಾರು?"

"ಯಾರೋ ಗೊತ್ತಿಲ್ಲದೆ ಬಿಟ್ಟಿದಾರಯ್ಯ," ಎಂದೆ.

ಅವರು ಹೊಂದುವ ಸ್ಪ್ರಿಂಗನ್ನೂ ಒಣಗಿದ ಬಟ್ಟಲುಗಳನ್ನೂ ಕಟ್ಟಿಕೊಟ್ಟರು. ಬಸ್ಸು ಶೂಳಗಿರಿ ದಾಟುವವರೆಗೂ ಆ 'ಯಾರೋ' ನನ್ನ ಬಾಯಲ್ಲೇ ಇತ್ತು, ಉಗುಳಲೂ ಆಗದೆ ನುಂಗಲೂ ಆಗದೆ. ನನ್ನ ಪರಿಚಯವೇ ಇಲ್ಲದ ಮುದುಕನ ಮುಂದೆ ಸುಳ್ಳು ಹೇಳಿ ನನಗೆ ಏನು ಉಳಿಯಿತು? ಸೀಟಿನಲ್ಲಿ ಕೂರಲಾಗದೆ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತೆ. ರೈಫಲ್ಲನ್ನು ಸರಿಮಾಡಿ ಸುಮ್ಮನೆ ಅವಳ ಕೈಗೆ ಕೊಟ್ಟರೂ, ತನ್ನ ಕೈ ಕೆಟ್ಟಿತ್ತು ಎಂಬ ನಂಬಿಕೆ ಅವಳಲ್ಲಿ ಹಾಗೇ ಉಳಿಯುತ್ತದೆ. ಅದನ್ನು ಯಾವ ಪೇಸ್ಟಿನಿಂದಲೂ ತೆಗೆಯಲು ಆಗುವುದಿಲ್ಲ. ಹೊಸೂರಿನಲ್ಲಿ ಇಳಿದು ಸೈಕಲ್ ಸ್ಟ್ಯಾಂಡಿನಿಂದ ನನ್ನ ಗಾಡಿ ತೆಗೆದವನು ಮನೆಯ ಕಡೆ ತಿರುಗಲಿಲ್ಲ. ಅವಳ ಊರಿನ ದಾರಿ ಹಿಡಿದೆ.

ಅವಳು ತಾಯಿಯ ಜೊತೆ ಹೊಲದ ಬದಿಯಲ್ಲಿ ಟೊಮೇಟೊ ಆರಿಸಿ ಕ್ರೇಟಿಗೆ ತುಂಬುತ್ತಿದ್ದಳು. ನನ್ನನ್ನು ಕಂಡು ಆಶ್ಚರ್ಯದಿಂದ ಎದ್ದವಳಿಗೆ ಕೂರು ಎಂದೆ. ಬಸ್ಸಿನಲ್ಲಿ ಜೋಡಿಸಿಕೊಂಡಿದ್ದ ಮಾತು ಒಂದೂ ನೆನಪಾಗಲಿಲ್ಲ.

"ರೈಫಲ್ಲು ಕೆಟ್ಟಿದ್ದು ನನ್ನಿಂದ ಕಣಮ್ಮ. ನಿನ್ ಕೈಯಿಂದಲ್ಲ. ಬಿಡಬಾರದ ಜಾಗಕ್ಕೆ ಎಣ್ಣೆ ಬಿಟ್ಟಿದ್ದೆ. ಅದು ಒಳಗೆ ಉರಿದು ಸಿಡೀತಿತ್ತು."

ಅವಳ ಕೈಯಲ್ಲಿದ್ದ ಹಣ್ಣು ಕ್ರೇಟಿಗೆ ಹೋಯಿತು. ಇನ್ನೊಂದನ್ನು ಎತ್ತಿಕೊಂಡಳು.

"ಯಾವತ್ತು ಗೊತ್ತಾಯ್ತು ನಿಂಗೆ?"

"ಎರಡು ವಾರದ ಮೇಲಾಯ್ತು."

"ಕೋಚ್ ಸಾರು ದಿನಾ ನನ್ನ ಬೈತಿದ್ರು. ನೀನು ಗೋಡೆಗೆ ಒರಗ್ಕಂಡು ನೋಡ್ತಿದ್ದೆ."

ನಾನು ಹೂಂ ಎಂದೆ.

"ಲೈನಲ್ಲಿ ತಂತಿ ಸುತ್ತುವಾಗ್ಲೂ ನನ್ ಬೆರಳನ್ನೇ ನೋಡ್ಕತಾ ಇದ್ದೆ ಅಣ್ಣ. ಅದುರ್ತಾ ಐತಾ, ಅದುರ್ತಾ ಐತಾ ಅಂತ. ಕೈ ಹೋದ್ರೆ ಕೆಲ್ಸಾನೂ ಹೋಗ್ಬುಡ್ತದಲ್ಲ. ಅವ್ವನ್ಗೂ ಹೇಳಿರ್ಲಿಲ್ಲ."

ಅವಳ ತಾಯಿ ಆಗ ತಲೆಯೆತ್ತಿ ಮಗಳ ಮುಖ ನೋಡಿದರು. ನನ್ನ ಕಡೆ ನೋಡಲಿಲ್ಲ. ಕೂರಿ ಎಂದು ಯಾರೂ ಹೇಳಲಿಲ್ಲ, ನಾನೂ ಕೂರಲಿಲ್ಲ. ಕ್ಷಮಿಸು ಎನ್ನುವ ಮಾತು ಆ ಬಿಸಿಲಿನಲ್ಲಿ ಬಹಳ ಅಗ್ಗವಾಗಿ ಕಂಡಿತು, ಆದರೂ ಹೇಳಿದೆ. ಅವಳು ಕ್ರೇಟು ತುಂಬುವ ತನಕ ಆರಿಸಿದಳು. ತುಂಬಿದ ಮೇಲೆ ಕೇಳಿದಳು:

"ಈಗ ಏನ್ ಹಾಕ್ತೀಯ ಅದಕ್ಕೆ?"

ಚೀಲದಿಂದ ಭಾಗಗಳನ್ನು ತೆಗೆದು ತೋರಿಸಿದೆ. ಎಲ್ಲಿಗೆ ಯಾವುದು, ಯಾಕೆ ಎಂದು ಹೇಳಿದೆ. ಸುಟ್ಟ ಚರ್ಮವನ್ನು ಅವಳು ಬೆರಳಿನಲ್ಲಿ ಪುಡಿಮಾಡಿ ನೋಡಿದಳು.

"ನನ್ ಎದುರಿಗೇ ಜೋಡಿಸ್ಬೇಕು. ಒಂದೊಂದೂ ನಾನು ನೋಡ್ಬೇಕು. ಆಮೇಲೆ ಹೊಡೀತೀನೋ ಇಲ್ವೋ ಹೇಳ್ತೀನಿ."

ಮರುದಿನ ಬೆಳಿಗ್ಗೆ ಕೋಚ್ ಸಾರಿಗೆ ಗೇಟಿನಲ್ಲೇ ಹೇಳಿದೆ. ಅವರು ಶೆಡ್ಡಿನ ಬೀಗದ ಕೈಯನ್ನು ನನ್ನಿಂದ ವಾಪಸ್ಸು ತೆಗೆದುಕೊಂಡರು. ಸಂಜೆ ಅವಳು ಬಂದಾಗ ಅದನ್ನು ಅವಳಿಗೆ ಕೊಟ್ಟರು. "ನಾನೂ ನಿನ್ನ ಕೈಯನ್ನೇ ನೋಡ್ದೆ ಅಮ್ಮ, ಗನ್ನ ನೋಡ್ಲಿಲ್ಲ," ಎಂದರು. ಅವರ ವಯಸ್ಸಿಗೆ, ಅವರ ಮೀಸೆಗೆ, ಅದು ದೊಡ್ಡ ಮಾತು.

ಶಿವರಾತ್ರಿಗೆ ಇನ್ನೂ ವಾರವಿತ್ತು, ಬೆಳಗಿನ ಚಳಿ ಹೋಗಿರಲಿಲ್ಲ. ಶಿಫ್ಟಿಗೆ ಮೊದಲು ಒಂದು ಗಂಟೆ, ಶಿಫ್ಟು ಮುಗಿದ ಮೇಲೆ ಒಂದು ಗಂಟೆ ನಮ್ಮ ಕೆಲಸ. ಮೊದಲು ಎಲ್ಲ ಉಕ್ಕಿನ ಭಾಗಗಳನ್ನೂ ಒಣ ಬಟ್ಟೆಯಲ್ಲಿ ಬಿಳಿ ಬಟ್ಟೆಗೆ ಕಲೆ ಹತ್ತದ ತನಕ ಒರೆಸಿದೆವು. ಪಿಸ್ಟನ್ನಿನ ಗೀರುಗಳನ್ನು ಸಾಣೆ ಹಿಡಿಯುವ ಸಣ್ಣ ಎಣ್ಣೆಕಲ್ಲಿನಿಂದ ನಯಮಾಡಿ ಮತ್ತೆ ಒರೆಸಿದೆವು. ಸಿಲಿಕೋನಿನಲ್ಲಿ ಒಂದು ದಿನ ನೆನೆದ ಚರ್ಮದ ಬಟ್ಟಲನ್ನು ಅವಳೇ ಬಟ್ಟೆಯ ನಡುವೆ ಹಿಂಡಿ, ಮೇಲೆ ತೇವ ಕಾಣದಂತೆ ಮಾಡಿ ತಿರುಪಿನಲ್ಲಿ ಕೂರಿಸಿದಳು. ಕರಿ ಪೇಸ್ಟನ್ನು ಪಿಸ್ಟನ್ನಿನ ಹಿಂಭಾಗಕ್ಕೆ, ಸ್ಪ್ರಿಂಗಿನ ಒಳಗಿನ ಕಂಬಿಗೆ, ನಳಿಕೆಯ ಕೀಲಿಗೆ ಹಚ್ಚಿದೆವು. ಟ್ರಿಗರಿನ ಕೊಕ್ಕೆಗೆ ಮಾತ್ರ ಬೆಂಕಿಕಡ್ಡಿಯ ತುದಿಯಲ್ಲಿ ಒಂದು ಚುಕ್ಕಿ. ಕ್ಲಾಂಪು ಬಿಗಿಯುವಾಗ ನನ್ನ ಕೈ ಜಾರಿ ಸ್ಪ್ರಿಂಗು ಓರೆಯಾಯಿತು. ಅವಳು ಗಾಬರಿಯಾಗದೆ ತಿರುಪನ್ನು ಹಿಂದಕ್ಕೆ ಬಿಟ್ಟು ನೇರಮಾಡಿ ಮತ್ತೆ ಬಿಗಿದಳು. ಅಲ್ಲಿಂದ ಮುಂದೆ ಕ್ಲಾಂಪು ಅವಳದೇ ಆಯಿತು.

ವೇಗ ಅಳೆಯುವ ಯಂತ್ರ ನಮ್ಮಲ್ಲಿರಲಿಲ್ಲ. ಬಟ್ಟೆ ಸೋಪಿನ ಉದ್ದನೆ ಬಾರನ್ನು ನಿಲ್ಲಿಸಿ ಅದರೊಳಕ್ಕೆ ಹೊಡೆದು, ಗುಂಡು ಹೋದ ಆಳವನ್ನು ವರ್ನಿಯರಿನ ಕಡ್ಡಿಯಿಂದ ಅಳೆದೆವು. ಐದು ತೂತಿನ ಆಳ ಹೆಚ್ಚೂಕಮ್ಮಿ ಒಂದೇ ಬಂದರೆ ರೈಫಲ್ಲು ಸಮನಾಗಿದೆ ಎಂದರ್ಥ. ನಳಿಕೆಯ ಮುಂದೆ ಒಂದು ಬಿಳಿ ಕಾಗದವನ್ನು ನಿಲ್ಲಿಸಿ ಎಣ್ಣೆಯ ಚುಕ್ಕಿ, ಮಸಿ ಏನಾದರೂ ಬೀಳುತ್ತದೆಯೇ ಎಂದು ನೋಡಿದೆವು.

ಸ್ಪ್ರಿಂಗು ಬಿಟ್ಟಾಗ ಟಣ್ ಎಂದು ತಂಬೂರಿಯಂತೆ ಅದುರುತ್ತಿತ್ತು. ಅದು ಅವಳ ಕೆನ್ನೆಗೆ ತಾಗುತ್ತಿತ್ತು. ಅದನ್ನು ತಡೆಯಲು ಸ್ಪ್ರಿಂಗಿಗೆ ಅಂಟು ಗ್ರೀಸು ಬಳಿದೆ. ಟಣ್ ಸದ್ದು ಹೋಯಿತು, ರೈಫಲ್ಲು ಬಾಗಿಲು ಮುಚ್ಚಿದಷ್ಟು ಮೆತ್ತಗಾಯಿತು. ಆದರೆ ಬೆಳಗಿನ ಚಳಿಯಲ್ಲಿ ಸೋಪಿನ ತೂತು ಕಾಲು ಭಾಗ ಕಡಿಮೆ. ಗ್ರೀಸು ಗಟ್ಟಿಯಾಗಿ ಸ್ಪ್ರಿಂಗನ್ನೇ ಹಿಡಿದು ನಿಲ್ಲಿಸುತ್ತಿತ್ತು. ಅರ್ಧ ಒರೆಸಿದೆವು, ಆಮೇಲೆ ಇನ್ನೂ ಅರ್ಧ. ಕಡೆಗೆ ಬೆಳಿಗ್ಗೆಯೂ ಸಂಜೆಯೂ ಆಳ ಒಂದೇ ಬಂದಾಗ ನಾನು ಗೆದ್ದೆ ಎಂದುಕೊಂಡೆ. ಅವಳು ಹೊಡೆಯಲು ಒಪ್ಪಿದಳು. ಆದರೆ ಮೊದಲ ಹತ್ತು ಗುಂಡಿಗೂ ಕಣ್ಣು ಮುಚ್ಚಿತು. ಮಾರನೇ ದಿನ ಆರು ಸಲ. ನಾನು ಎಣಿಸುತ್ತಿದ್ದದ್ದು ಅವಳಿಗೂ ಗೊತ್ತಿತ್ತು.

ರಾತ್ರಿ ಹಾಸಿಗೆಯಲ್ಲಿ ಒಂದು ಯೋಚನೆ ಬಂದು ನನ್ನನ್ನು ಎಬ್ಬಿಸಿ ಕೂರಿಸಿತು. ನಾವು ಪರೀಕ್ಷೆ ಮಾಡಿದ್ದೆಲ್ಲ ಹೊಸೂರಿನ ತಂಪಿನಲ್ಲಿ. ಆಯ್ಕೆ ನಡೆಯುವುದು ಕೃಷ್ಣಗಿರಿಯಲ್ಲಿ, ಮಧ್ಯಾಹ್ನ, ತಗಡಿನ ಛಾವಣಿಯ ಕೆಳಗೆ. ಅಲ್ಲಿ ಬಂಡೆಗಳು ಕಾದು ಬಿಸಿಗಾಳಿ ಬಿಡುವ ಹೊತ್ತು. ಇಲ್ಲಿ ಗಟ್ಟಿಯಿರುವ ಗ್ರೀಸು ಅಲ್ಲೂ ಹಾಗೇ ಇರುತ್ತದೆಂದು ಯಾರು ಹೇಳಿದರು?

ಆಯ್ಕೆಗೆ ನಾಲ್ಕು ದಿನ ಇರುವಾಗ ಕೋಚ್ ಸಾರನ್ನೂ ಅವಳನ್ನೂ ಒಪ್ಪಿಸಿ, ಎರಡು ರೈಫಲ್ಲುಗಳನ್ನು ಪೆಟ್ಟಿಗೆಯಲ್ಲಿಟ್ಟು, ನಾವು ಮೂವರೂ ಮುದುಕರ ಅಂಗಡಿಗೆ ಹೋದೆವು. ಒಂದರಲ್ಲಿ ತೆಳುವಾಗಿ ಅಂಟು ಗ್ರೀಸು ಇತ್ತು, ಇನ್ನೊಂದರಲ್ಲಿ ಅದು ಇರಲಿಲ್ಲ. ಅಂಗಡಿಯ ಹಿಂದೆ ಗೋಡೆ ಕಟ್ಟಿದ ಹಿತ್ತಿಲು. ಅಲ್ಲೇ ಅವರೂ ಗನ್ನುಗಳನ್ನು ಪರೀಕ್ಷಿಸುವುದು. ರೈಫಲ್ಲುಗಳನ್ನು ಒಂದು ಗಂಟೆ ತಗಡಿನ ಕೆಳಗೆ ಇಟ್ಟು, ಬಿಸಿಯಾದ ಮೇಲೆ ತೆಗೆದುಕೊಂಡೆವು. ಕಾಯುವಾಗ ನಾನು ಮುದುಕರ ಹತ್ತಿರ ಹೋಗಿ, ಅವತ್ತು ನೀವು ಕೇಳಿದಿರಲ್ಲ, ಎಣ್ಣೆ ಬಿಟ್ಟವನು ನಾನೇ ಎಂದೆ. "ತೆರಿಯುಂ ತಂಬಿ," ಎಂದರು ಅವರು, ಗೊತ್ತು ಎನ್ನುವಂತೆ ತಲೆಯಾಡಿಸುತ್ತ. ಬೇರೆಯವರ ಕೆಲಸಕ್ಕೆ ಯಾರೂ ಟಿಫನ್ ಚೀಲದಲ್ಲಿ ಅಷ್ಟು ಜೋಪಾನವಾಗಿ ತುಂಡುಗಳನ್ನು ತರುವುದಿಲ್ಲ ಎಂದರು.

ಗ್ರೀಸಿನ ರೈಫಲ್ಲಿನ ಮೊದಲ ಎಂಟು ಗುಂಡು ಚೆನ್ನಾಗಿದ್ದವು. ಒಂಬತ್ತನೆಯದಕ್ಕೆ ಬಿಳಿ ಕಾಗದದ ಮೇಲೆ ಸಾಸಿವೆಗಿಂತ ಚಿಕ್ಕದಾದ ಒಂದು ಕಂದು ಚುಕ್ಕಿ ಬಿತ್ತು. ಹನ್ನೊಂದನೆಯದಕ್ಕೆ ತೆಳ್ಳನೆ ಹೊಗೆ. ಬಿಸಿಲಿಗೆ ಕರಗಿದ ಗ್ರೀಸು ಪಿಸ್ಟನ್ನಿನ ಬದಿಯಿಂದ ಮುಂದಕ್ಕೆ ನುಸುಳುತ್ತಿತ್ತು. ಎರಡನೇ ರೈಫಲ್ಲು ಇಪ್ಪತ್ತೈದು ಗುಂಡಿಗೂ ಕಾಗದವನ್ನು ಬೆಳ್ಳಗೇ ಬಿಟ್ಟಿತು. ಆದರೆ ಪ್ರತಿಸಲವೂ ಟಣ್ ಎಂದು ಅದುರಿತು.

ಕೋಚ್ ಸಾರಿಗೆ ಅದುರು ಬೇಡವಾಗಿತ್ತು. ಗ್ರೀಸನ್ನು ಇನ್ನೂ ಕಡಿಮೆ ಮಾಡಿ ನೋಡೋಣ ಎಂದರು. ನಾನೂ ಅದೇ ಹೇಳುವವನಿದ್ದೆ. ಮಾಡಿದ ಕೆಲಸವನ್ನು ಪೂರ್ತಿ ಅಳಿಸಲು ನನಗೆ ಮನಸ್ಸಿರಲಿಲ್ಲ. ಅವಳು ಎರಡನೆಯದನ್ನು ಎತ್ತಿ ಭುಜಕ್ಕಿಟ್ಟು ಇನ್ನೊಂದು ಗುಂಡು ಹೊಡೆದಳು.

"ಇದೇ ಇರ್ಲಿ," ಎಂದಳು. "ಟಣ್ ಅನ್ನೋದು ಸ್ಪ್ರಿಂಗು. ಒಳಗೆ ಕೂರಿಸಿದ್ದು ನಾನೇ, ನಂಗೊತ್ತು ಅದು. ಆ ಇನ್ನೊಂದು ಯಾವಾಗ ಏನ್ ಮಾಡ್ತದೋ ಯಾರ್ಗೂ ಗೊತ್ತಿಲ್ಲ."

ಆಗ ನನಗೆ ಹೊಳೆಯಿತು: ಆ ಗುಂಡಿಗೆ ಅವಳ ಕಣ್ಣು ಮುಚ್ಚಿರಲಿಲ್ಲ.

ಹೊಸೂರಿಗೆ ವಾಪಸ್ಸು ಬಂದು ಮೂರೂ ರೈಫಲ್ಲಿನ ಅಂಟು ಗ್ರೀಸನ್ನು ತೊಟ್ಟೂ ಉಳಿಯದಂತೆ ತೆಗೆದೆವು. ಹತ್ತು ದಿನ ಅಳೆದಳೆದು ಹದ ಹಿಡಿದದ್ದನ್ನು ಇಪ್ಪತ್ತು ನಿಮಿಷದಲ್ಲಿ ಒರೆಸಿ ಎಸೆದೆ. ಇಷ್ಟು ವರ್ಷ ಇಲ್ಲಿ ಕೆಲಸ ಮಾಡಿದ ಮೇಲೆ, ಒಂದು ಜಾಗಕ್ಕೆ ಏನೂ ಹಚ್ಚದಿರುವುದೂ ನನ್ನ ಕೆಲಸದ ಭಾಗ ಎಂದು ಒಪ್ಪಿಕೊಳ್ಳಲು ಕಷ್ಟವಾಯಿತು. ಸ್ಪ್ರಿಂಗಿಗೆ ಕರಿ ಪೇಸ್ಟಿನ ಸವರು ಮಾತ್ರ ಉಳಿಯಿತು.

ಆಯ್ಕೆಯ ದಿನ ನಾನು ಒಳಗೆ ನಿಲ್ಲಲಿಲ್ಲ. ನಿಲ್ಲಲು ಆಗಲಿಲ್ಲ. ಹೊರಗಿನ ಹುಣಸೆಮರದಿಂದ ಗೇಟಿನವರೆಗೆ, ಗೇಟಿನಿಂದ ಹುಣಸೆಮರಕ್ಕೆ ನಡೆಯುತ್ತಿದ್ದೆ. ಒಳಗಿನಿಂದ ಬರುತ್ತಿದ್ದ ಸದ್ದುಗಳಲ್ಲಿ ನಮ್ಮ ರೈಫಲ್ಲಿನದನ್ನು ಬೇರೆ ಮಾಡಿ ಕೇಳಲು ಯತ್ನಿಸುತ್ತಿದ್ದೆ. ಅಷ್ಟು ಜನ ಹೊಡೆಯುವಾಗ ಅದು ಹೇಗೆ ಸಾಧ್ಯ? ಆದರೂ ಎಲ್ಲೋ ಒಂದು ಟಣ್ ಕೇಳಿದಾಗ ಹೆಜ್ಜೆ ತಾನಾಗಿ ನಿಲ್ಲುತ್ತಿತ್ತು. ನೀರು ಮಾರುವವನು ನನ್ನನ್ನು ಎರಡು ಸಲ ಮಾತಾಡಿಸಿದ. ಏನು ಕೇಳಿದ ಎಂಬುದು ನೆನಪಿಲ್ಲ.

ಕೋಚ್ ಸಾರ್ ಹೊರಗೆ ಬಂದು ಮೊದಲು ಬಾಟಲಿಯ ನೀರನ್ನು ಮುಖಕ್ಕೆ ಹಾಕಿಕೊಂಡರು. ಎರಡು ಗುಂಡು ಹೊರಗೆ ಹೋದವು, ಉಳಿದದ್ದೆಲ್ಲ ಅವಳ ಹಳೆಯ ಕೈ ಎಂದರು. ಪಟ್ಟಿಯಲ್ಲಿ ಅವಳು ನಾಲ್ಕನೆಯವಳು, ಮುಂದಕ್ಕೆ ಹೋಗುವವರು ಐವರು. ಅವಳು ಬಂದು ಎರಡೂ ಅಂಗೈಗಳನ್ನು ಮುಂದೆ ಚಾಚಿ, ಬೆರಳು ಬಿಡಿಸಿ, ತಾನೇ ಅವನ್ನು ಸ್ವಲ್ಪ ಹೊತ್ತು ನೋಡಿಕೊಂಡಳು. ವಾಪಸ್ಸು ಬರುವಾಗ ವ್ಯಾನಿನಲ್ಲಿ ತಾಯಿಗೆ ಫೋನು ಮಾಡಿ ಮೆಲ್ಲಗೆ ಮಾತಾಡಿದಳು.

ನಮ್ಮ ನಡುವೆ ಎಲ್ಲ ಮೊದಲಿನಂತಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಣ್ಣ ಎನ್ನುತ್ತಾಳೆ, ಕ್ಯಾಂಟೀನಿನಲ್ಲಿ ಕಂಡರೆ ಮಾತಾಡುತ್ತಾಳೆ. ಆದರೆ ರೈಫಲ್ಲಿಗೆ ನಾನು ಏನಾದರೂ ಹಚ್ಚುವುದಿದ್ದರೆ ಡಬ್ಬವನ್ನು ಮೊದಲು ತಾನು ನೋಡುತ್ತಾಳೆ. ಅದು ನ್ಯಾಯವೇ.

ಮುಂದಿನ ಹಂತದ ಸ್ಪರ್ಧೆ ಸಮುದ್ರದ ಕಡೆಯ ಊರಿನಲ್ಲಿತ್ತು. ಕೋಚ್ ಸಾರ್ ಜೊತೆಗೆ ಹೋಗಿದ್ದರು. ನನಗೆ ರಜೆ ಸಿಗಲಿಲ್ಲ. ಸ್ಪರ್ಧೆಯ ಹಿಂದಿನ ಸಂಜೆ ಪ್ರೆಸ್ ಮೆಷಿನಿನ ಕೆಳಗೆ ಮಲಗಿ ಗ್ರೀಸು ಒತ್ತುತ್ತಿದ್ದಾಗ ಅವಳ ಫೋನು ಬಂತು. ಹೊರಗೆ ತೆವಳಿ, ಕೈ ಒರೆಸಿಕೊಂಡು, ಏನಾಯಿತೋ ಎಂದುಕೊಳ್ಳುತ್ತ ಕಿವಿಗೆ ಹಿಡಿದೆ.

"ಅಣ್ಣ, ಇಲ್ಲಿ ಗಾಳಿಯೆಲ್ಲ ಒದ್ದೆ. ಮುಟ್ಟಿದ್ದೆಲ್ಲ ಪಸೆಪಸೆ ಅಂತದೆ. ಬೆಳಿಗ್ಗೆ ನೋಡಿದ್ರೆ ನಳಿಕೆ ಮೇಲೆ ಕೆಂಪಗೆ ತುಕ್ಕಿನ ಪುಡಿ."

ಚರ್ಮ ತೇವ ಹೀರಿರಬಹುದು, ಉಕ್ಕಿನ ಮೇಲೆ ತೆಳುವಾಗಿ ಏನು ಸವರಬೇಕು, ಅದು ಒಳಗೆ ಇಳಿಯದಂತೆ ಹೇಗೆ ತಡೆಯಬೇಕು ಎಂದು ನನ್ನ ತಲೆ ಓಡತೊಡಗಿತು. ನಿಲ್ಲು, ಹೇಳುತ್ತೇನೆ ಎಂದೆ.

"ಬ್ಯಾಡ ಬುಡಣ್ಣ. ಹೊರಗಡೆ ಎಣ್ಣೆ ಬಟ್ಟೇಲಿ ಒರೆಸ್ದೆ, ಆಮೇಲೆ ಒಣ ಬಟ್ಟೇಲಿ ಒರೆಸ್ದೆ. ಒಳಗೆ ಏನೂ ಹಾಕ್ಲಿಲ್ಲ. ಕಾಗದ ಇಟ್ಟು ಹತ್ತು ಹೊಡ್ದೆ, ಬೆಳ್ಳಗೈತೆ. ಕೇಳಾಕೆ ಮಾಡ್ಲಿಲ್ಲ ಫೋನು. ಹೇಳಾಕೆ ಮಾಡ್ದೆ."